ಯಜಮಾನರ ಹೆಸರು ಮೊದಲು

2008ರಲ್ಲಿ ನಾನು ಶ್ರೀನಿವಾಸಪುರದ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದೆ. ವಿಭಾಗವೆಂದರೆ ನಾನೊಬ್ಬನೇ. ನನಗಿಂತ ಮೊದಲಿದ್ದವರು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಟ್ಟಿದ್ದ ಪ್ರೋಗ್ರಾಮ್ ನೋಡಿಕೊಳ್ಳುವುದು ನನ್ನ ಕೆಲಸ. ಸೇರಿದ ಹೊಸದರಲ್ಲೇ ಗೌನಿಪಲ್ಲಿಯ ಮುನಿವೆಂಕಟಪ್ಪ ಎಂಬ ಹಿರಿಯರು ನಮ್ಮಲ್ಲಿ ತೀರಿಕೊಂಡರು.

ಸೊಂಟನೋವೆಂದು ಬಂದಿದ್ದವರು. ನರ್ಸ್ ಸರೋಜಮ್ಮ ಕಂಪ್ಯೂಟರ್ ಪರದೆಯ ಮೇಲೆ ವಿವರ ನೋಡಿ, ಡಾಕ್ಟರು ಬರೆದ ಡೈಕ್ಲೊಫೆನಾಕ್ ಇಂಜೆಕ್ಷನ್ ಕೊಟ್ಟರು. ಆ ಔಷಧಿ ಅವರಿಗೆ ಆಗದೆಂದು ಮನೆಯವರು ಹಿಂದೆಯೇ ನಮ್ಮಲ್ಲಿ ದಾಖಲಿಸಿದ್ದರು. ಉಸಿರು ಕಟ್ಟಿ, ನೋಡನೋಡುತ್ತಲೇ ಹೋಗಿಬಿಟ್ಟರು. ಅವರನ್ನು ‘ನಾಯನ’ ಎಂದೇ ಕರೆಯುತ್ತಿದ್ದ ಮಗ ನಾರಾಯಣಸ್ವಾಮಿ ನರ್ಸ್ ಮೇಲೆ ಪೊಲೀಸರಿಗೆ ದೂರು ಕೊಟ್ಟ. ಆಸ್ಪತ್ರೆಯವರು ಸರೋಜಮ್ಮನನ್ನು ಕೆಲಸದಿಂದ ನಿಲ್ಲಿಸಿದರು.

“ಅಲರ್ಜಿ ಇಲ್ಲ ಅಂತಲೇ ಇತ್ತು ಸಾರ್, ಕಣ್ಣಾರೆ ನೋಡಿದೀನಿ” ಎಂದು ಆಕೆ ಎಲ್ಲರಿಗೂ ಹೇಳಿದರು. ಪರದೆಯಲ್ಲಿ ಈಗಲೂ ಹಾಗೇ ಇತ್ತು. ಬಚಾವಾಗಲು ಆಮೇಲೆ ಆಕೆಯೇ ತಿದ್ದಿದ್ದಾಳೆ ಎಂದು ಮಾತಾಯಿತು. ನನಗೆ ಅದು ನಂಬಿಕೆಯಾಗಲಿಲ್ಲ. ಪ್ರೋಗ್ರಾಮ್ ತೆರೆದು ಕೂತೆ.

ನಮ್ಮಲ್ಲಿ ಒಟ್ಟು ಕುಟುಂಬಕ್ಕೆಲ್ಲ ಒಂದೇ ಕಾರ್ಡು. ಯಜಮಾನರ ಹೆಸರು ಮೊದಲು, ಅವರ ಕೆಳಗೆ ಮಗ ಸೊಸೆ, ಅವರ ಕೆಳಗೆ ಮಕ್ಕಳು. ಪ್ರೋಗ್ರಾಮ್‌ನಲ್ಲೂ ಹಾಗೇ ಆಬ್ಜೆಕ್ಟ್ ಒಳಗೆ ಆಬ್ಜೆಕ್ಟ್, ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ. ಪ್ರತಿ ಡಬ್ಬಿಯಲ್ಲೂ ಅಲರ್ಜಿ ಎಂಬ ಒಂದು ಕೀ, ಅಂದರೆ ವಿವರಕ್ಕೆ ಅಂಟಿಸಿದ ಹೆಸರು. ಅದನ್ನು ತಿದ್ದುವ ಫಂಕ್ಷನ್, ಅಂದರೆ ಪ್ರೋಗ್ರಾಮ್‌ನ ಆ ತುಣುಕು, ಮೇಲಿನಿಂದ ಹುಡುಕುತ್ತಾ ಬಂದು, ಆ ಹೆಸರಿನ ಕೀ ಮೊದಲು ಎಲ್ಲಿ ಸಿಕ್ಕಿತೋ ಅಲ್ಲೇ ತಿದ್ದಿ ಮುಗಿಸುತ್ತಿತ್ತು. ಅದು ಯಾರದೆಂದು ನೋಡುತ್ತಿರಲಿಲ್ಲ. ಮೊದಲು ಸಿಗುವುದು ಯಾವಾಗಲೂ ಯಜಮಾನರದೇ. ಅಲರ್ಜಿ ತಿದ್ದುವುದು ಅಪರೂಪವಾದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ.

ಮುನಿವೆಂಕಟಪ್ಪ ತೀರಿಕೊಳ್ಳುವ ಹಿಂದಿನ ವಾರ ಅವರ ಮೊಮ್ಮಗುವಿನ ಅಲರ್ಜಿಯನ್ನು ‘ಇಲ್ಲ’ ಎಂದು ತಿದ್ದಿದ್ದರು. ಮೈಮೇಲೆ ಎದ್ದದ್ದು ಬರೀ ಬೆವರುಸಾಲೆ ಎಂದು ಡಾಕ್ಟರು ಹೇಳಿದ್ದರಂತೆ. ಮಗುವಿನದು ಹಾಗೇ ಉಳಿದು ತಾತನದು ಅಳಿಸಿಹೋಗಿತ್ತು.

ಆಸ್ಪತ್ರೆಯ ಮಾಲೀಕರಿಗೆ ತೋರಿಸಿದೆ. “ಸದ್ದಿಲ್ದೆ ಸರಿ ಮಾಡ್ಬಿಡಿ. ಆಯಮ್ಮನ ವಿಷ್ಯ ಆಮೇಲೆ ನೋಡೋಣ” ಎಂದರು. ಮೈಯೆಲ್ಲ ಉರಿದುಹೋಯಿತು. ಫಂಕ್ಷನ್ ಅನ್ನು ಸರಿ ಮಾಡುವ ಮುಂಚೆ ನಾರಾಯಣಸ್ವಾಮಿಯನ್ನು ಕರೆಸಿ, ಅವನ ಎದುರಿಗೇ ಮತ್ತೊಮ್ಮೆ ಓಡಿಸಿ ತೋರಿಸಿದೆ.

ಅವನು ಪರದೆಯಲ್ಲಿ ಮಗುವಿನ ಹೆಸರಿನ ಮೇಲೆ ಬೆರಳಿಟ್ಟ. “ಮಗೂದು ಅಲರ್ಜಿ ತೆಗೆದ್ಬಿಡಿ ಅಂತ ಇಲ್ಲಿಗೆ ಬಂದಿದ್ದು ನಮ್ಮನೇವ್ಳು ಸಾರ್” ಎಂದ. “ದೂರು ವಾಪಸ್ ತಗೋತೀನಿ. ನಾಯನ ಹೋಗಿದ್ದು ಹಿಂಗೆ ಅಂತ ಅವಳಿಗೆ ಗೊತ್ತಾಗ್ಬಾರ್ದು. ಬದುಕಲ್ಲ ಅವಳು.”

ಸರೋಜಮ್ಮ ಕೆಲಸಕ್ಕೆ ಮರಳಿದರು. ನಾನು ಅವರಿಗೆ ಎಲ್ಲವನ್ನೂ ಹೇಳಿದ್ದೆ, ನಾರಾಯಣಸ್ವಾಮಿ ಕೇಳಿಕೊಂಡದ್ದನ್ನೂ. ಯಾವ ಕುಟುಂಬ, ಅದರಲ್ಲಿ ಯಾರು ಎಂದು ಪೂರ್ತಿ ದಾರಿ ಕೊಡದೆ ಯಾವ ಕೀಯನ್ನೂ ಮುಟ್ಟದಂತೆ ಫಂಕ್ಷನ್ ಬದಲಾಯಿಸಿದೆ. ಯಾರದೆಂದು ಖಾತ್ರಿಯಾಗದೆ ಕೈ ಹಾಕಬಾರದು ಎಂಬುದನ್ನು ಈ ಕೆಲಸ ಕಲಿಸಿತು. ತಪ್ಪು ಹೊರಿಸುವುದಕ್ಕೂ ಅದೇ ಮಾತು.

ಮಳೆಗಾಲ ಶುರುವಾದಾಗ ನಾರಾಯಣಸ್ವಾಮಿಯ ಹೆಂಡತಿ ಮಗುವಿಗೆ ಜ್ವರವೆಂದು ಬಂದಳು. ಸರೋಜಮ್ಮನನ್ನು ಕಂಡು ನನ್ನ ಕಡೆ ತಿರುಗಿದಳು. “ನಮ್ ಮಾವನ್ನ ಸಾಯಿಸ್ದೋಳ್ನ ಮತ್ತೆ ಯಾಕ್ ಸಾರ್ ಸೇರಿಸ್ಕೊಂಡ್ರಿ?”

ಸರೋಜಮ್ಮ ಥರ್ಮಾಮೀಟರ್ ಒರೆಸಿಕೊಂಡು ಹತ್ತಿರ ಬಂದರು.

“ಮಗೂನ ಇಲ್ಲಿ ಕೊಡಮ್ಮ” ಎಂದರು.