ಅತ್ತೆಯ ಬೆನ್ನು, ಕೂಸಿನ ಬೆನ್ನು

ಮೊನ್ನೆ ಭಾನುವಾರ ಮುರಗೋಡದಲ್ಲಿ ಬಸ್ಸಿಳಿದು ಗೆಳತಿ ಕಮಲವ್ವನ ಓಣಿಗೆ ತಿರುಗುತ್ತಿದ್ದಂತೆ ಕಡಲೆ ಬೇಯುವ ವಾಸನೆ ಮೂಗಿಗೆ ಬಡಿಯಿತು. ಬರೀ ಕಡಲೆಯಲ್ಲ, ಇಂಗಿನ ಒಗ್ಗರಣೆ, ಮೇಲೆ ಹಸಿ ಕೊಬ್ಬರಿ. ಕೂಸಿಗೆ ಹೆಸರಿಡುವ ಮನೆಯ ಗುಗ್ಗರಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಈ ವಾಸನೆಗೆ ನಿಮಗೆ ಹಸಿವಾಗಬಹುದು. ನನಗೆ ಬೆನ್ನು ನೋಯುತ್ತದೆ. ನಗಬೇಡಿ, ನಿಜವಾಗಿಯೂ ನೋಯುತ್ತದೆ, ಎಡ ಹೆಗಲಿನ ಎಲುಬಿನ ಕೆಳಗೆ. ಯಾಕೆಂದು ತಿಳಿಯಬೇಕಾದರೆ ನನ್ನ ಜೊತೆ ತೊಂಬತ್ತರ ದಶಕದ ನಡುವಿನವರೆಗೆ ಬರಬೇಕಾಗುತ್ತದೆ.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ಆಕೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್‍ರ್" ಎಂದು ಹೆಸರು ಹೇಳಬೇಕು. ಆಕೆ ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರು ಮುಷ್ಟಿ ಕಟ್ಟಿ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕೆಂದು ಎಷ್ಟೋ ಜನರನ್ನು ಕೇಳಿದ್ದೇನೆ. "ಹಂಗ ಐತಿ ಪದ್ಧತಿ" ಎಂಬುದರಾಚೆ ಉತ್ತರ ಸಿಕ್ಕಿಲ್ಲ. ವರ್ಷವಿಡೀ ನಾದಿನಿಯ ಮೇಲೆ ಕೂಡಿಟ್ಟ ಸಿಟ್ಟನ್ನು ಮಂಗಳಕಾರ್ಯದ ಹೆಸರಿನಲ್ಲಿ ತೀರಿಸಿಕೊಳ್ಳುವ ಉಪಾಯ ಎಂಬುದು ನನ್ನ ಅನುಮಾನ. ಗುದ್ದು ಬಿದ್ದಾಗ ಅತ್ತೆಯಾದವಳು "ಅಯ್ಯಯ್ಯೋ ಸತ್ನ್ಯೋ, ಬಿಡ್ರೇ" ಎಂದು ಕೂಗಬೇಕು. ಅದೂ ಪದ್ಧತಿ. ಆಕೆ ಹೆಚ್ಚು ಕೂಗಿದಷ್ಟೂ ಇವರು ಹೆಚ್ಚು ಗುದ್ದುತ್ತಾರೆ. ನಿಜವಾಗಿ ನೋವಾಗಿ ಕೂಗಿದವಳನ್ನು ಯಾರೂ ನಂಬುವುದಿಲ್ಲ.

ಆಗ ನಾನು ಮುರಗೋಡದಲ್ಲೇ ಅಂಗನವಾಡಿ ನಡೆಸುತ್ತಿದ್ದೆ. ಪ್ರತಿ ಗುರುವಾರ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯಿಂದ ಮುಮ್ತಾಜ್ ಸಿಸ್ಟರ್ ಬರುತ್ತಿದ್ದರು. ಕುಳ್ಳಗೆ, ದುಂಡಗೆ, ಸದಾ ಅವಸರ. ಅವರನ್ನು ಕಂಡರೆ ಮಕ್ಕಳು ತಾಯಂದಿರ ಸೆರಗಿನಲ್ಲಿ ಅಡಗಿದರೆ, ತಾಯಂದಿರು ನನ್ನ ಸೆರಗಿನಲ್ಲಿ ಅಡಗುತ್ತಿದ್ದರು. ಯಾಕೆಂದರೆ ಕೂಸಿನ ತೂಕ ಇಳಿದಿದ್ದರೆ ಸಿಸ್ಟರ್ ಬೈಯುವುದು ಕೂಸಿಗಲ್ಲ.

ಒಮ್ಮೆ ಅವರು ಬೆಳಗಾವಿಯಲ್ಲಿ ಯಾವುದೋ ತರಬೇತಿ ಮುಗಿಸಿ ಬಂದವರೇ ಒಂದು ಗೊಂಬೆ ಹೊಲಿದರು. ಕೂಸಿಗೆ ತೊಡಿಸುವ ಹಳೆಯ ಕುಂಚಿಗೆಯ ಅರಿವೆ, ಒಳಗೆ ಹತ್ತಿ, ತೂಕಕ್ಕೆ ಎರಡು ಸೇರು ಮರಳು. ಕೂಸಿನ ಗಂಟಲಿನಲ್ಲಿ ಏನಾದರೂ ಸಿಕ್ಕಿ ಉಸಿರು ಕಟ್ಟಿದರೆ ಏನು ಮಾಡಬೇಕೆಂದು ಕಲಿಸುವ ಗೊಂಬೆ ಅದು. ಮುಂಗೈ ಮೇಲೆ ಬೋರಲು ಮಲಗಿಸಿಕೊಳ್ಳಬೇಕು, ತಲೆ ಕೆಳಗಿರಬೇಕು, ದವಡೆಯನ್ನು ಅಂಗೈಯಲ್ಲಿ ಹಿಡಿದಿರಬೇಕು, ಎರಡು ಹೆಗಲೆಲುಬಿನ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು. ಬರದಿದ್ದರೆ ಅಂಗಾತ ಹೊರಳಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಬೇಕು. ಮತ್ತೆ ಬೆನ್ನು, ಮತ್ತೆ ಎದೆ.

ಸಿಸ್ಟರ್ ಹೇಳಿದ್ದು ಇಷ್ಟೇ ಸರಳ. ಆದರೆ "ಬೆನ್ನಿಗೆ ಬಡೀರಿ" ಎಂದ ಕೂಡಲೇ ನಮ್ಮ ಓಣಿಯ ಹೆಂಗಸರ ಕೈ ತಾನೇ ಮುಷ್ಟಿ ಕಟ್ಟಿತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಮೂರನೆಯವಳ ಗುದ್ದಿಗೆ ಗೊಂಬೆಯ ಕುತ್ತಿಗೆ ಹರಿದು ಮರಳು ಸುರಿಯಿತು.

"ಏ ಏ ಏ! ಅತ್ತಿ ಬೆನ್ನಲ್ಲರೆ ಇದು, ಕೂಸಿನ ಬೆನ್ನ!" ಎಂದು ಸಿಸ್ಟರ್ ಕಿರುಚಿದರು. ನಾವು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ. ಅದಕ್ಕೆ ಅವರು ನನ್ನನ್ನೇ ಎಬ್ಬಿಸಿ, ಗೊಂಬೆಯನ್ನು ಹೊಲಿಸಿ, ಇಪ್ಪತ್ತು ಸಲ ಮಾಡಿಸಿದರು. ಕೊನೆಗೆ ಹೇಳಿದರು: "ಅಕ್ಕಾರ, ನೆನಪಿಡ್ರಿ. ಅಳೂ ಕೂಸಿಗೆ ಅಂಜಬ್ಯಾಡ್ರಿ. ಕೆಮ್ಮಿದರೂ ಅಂಜಬ್ಯಾಡ್ರಿ. ಬಾಯಿ ತಗದು ಸಪ್ಪಳ ಮಾಡದ ಕೂಸಿಗೆ ಅಂಜ್ರಿ. ಮತ್ತ ಸಣ್ಣ ಹುಡುಗರ ಕೈಯಾಗ ಇಡೀ ಕಾಳ ಕೊಡಬ್ಯಾಡ್ರಿ." ಇದನ್ನೆಲ್ಲ ನನ್ನ ಗುಂಡನೆಯ ಅಕ್ಷರದಲ್ಲಿ ಬರೆದು ಅಂಗನವಾಡಿಯ ಗೋಡೆಗೆ ಅಂಟಿಸಿದವಳೂ ನಾನೇ. ಅದಕ್ಕೇ ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ.

ಎರಡು ತಿಂಗಳಿಗೆ ಅಣ್ಣನ ಮಗಳಿಗೆ ಹೆಸರಿಡುವ ದಿನ ಬಂತು. ನಾನು ಸೋದರತ್ತೆ. ಇಳಕಲ್ ಸೀರೆ ಉಟ್ಟು, ತಲೆತುಂಬ ಅಬ್ಬಲಿಗೆ ಮುಡಿದು, ಬೆನ್ನಿಗೆ ರಕ್ಷಣೆಯೆಂದು ಒಳಗೆ ಮಡಚಿದ ಟವೆಲ್ ಕೂಡ ಇಟ್ಟುಕೊಂಡು ತಯಾರಾಗಿದ್ದೆ. ಪಕ್ಕದ ಮನೆಯ ಕಮಲವ್ವ, ನನ್ನ ಸಾಲಿ ಗೆಳತಿ, ಜೋಗುಳ ಹಾಡಲು ಮುಂದೆ ಕೂತಿದ್ದಳು. ಅವಳ ಒಂಬತ್ತು ತಿಂಗಳ ಮಗ ಈರಣ್ಣನನ್ನು ನನ್ನ ಪಕ್ಕ ಗೋಡೆಯ ಬಳಿ ಜಮಖಾನದ ಮೇಲೆ ಕೂರಿಸಿದ್ದಳು. ಅವನೋ ನನ್ನ ಸೀರೆಯ ಸೆರಗನ್ನು ಬಾಯಿಗೆ ತುರುಕುತ್ತಿದ್ದ. ಹೊಸ ಸೀರೆ. ನಾನು ಗುಗ್ಗರಿ ತುಂಬಿದ ಹಿತ್ತಾಳೆಯ ಪರಾತದಿಂದ ನಾಲ್ಕು ಕಾಳು ತೆಗೆದು, ಒಂದನ್ನು ಹಿಸುಕಿ ಅವನ ಬಾಯಿಗಿಟ್ಟೆ, ಮೂರನ್ನು ಆಡಿಕೊಳ್ಳಲೆಂದು ಕೈಯಲ್ಲಿಟ್ಟೆ. ಅಷ್ಟರಲ್ಲಿ "ಅತ್ತಿ ಎಲ್ಲಿ, ಅತ್ತಿ ಬಾರವಾ" ಎಂದು ಕರೆದರು. ಎದ್ದು ಹೋದೆ.

ಬಗ್ಗಿ "ಕುರ್‍ರ್" ಎಂದೆ. ಹೆಸರು ಬಾಯಿಗೆ ಬರುವ ಮೊದಲೇ ಗುದ್ದುಗಳ ಮಳೆ ಶುರುವಾಯಿತು. ಯಾರದೋ ಕಂಕುಳ ಸಂದಿಯಿಂದ ಕಣ್ಣು ಹಾಯಿಸಿದರೆ ಗೋಡೆಯ ಬಳಿ ಈರಣ್ಣ ಕೂತಿದ್ದಾನೆ. ಬಾಯಿ ತೆರೆದಿದೆ, ಕಣ್ಣು ಹಿಗ್ಗಿವೆ, ಸಪ್ಪಳವಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿದೆ.

"ಬಿಡ್ರೇ! ಕೂಸು, ಕೂಸು!" ಎಂದು ಕೂಗಿದೆ. "ಹೌದವಾ, ಕೂಸಿನ ಹೆಸರ ಹೇಳು!" ಎಂದು ನಕ್ಕು ಇನ್ನಷ್ಟು ಗುದ್ದಿದರು. "ಸಾಯಾಕತ್ತೈತ್ರೇ!" ಎಂದೆ. "ಸಾಯಂಗಿಲ್ಲ ಬಿಡು, ಗಟ್ಟಿ ಅದಿ" ಎಂದು ಮತ್ತೊಂದು ಬಿತ್ತು. ಜೀವನದಲ್ಲಿ ಅಷ್ಟು ಹೆದರಿಕೆ ನನಗೆ ಹಿಂದೂ ಆಗಿಲ್ಲ, ಮುಂದೂ ಆಗಿಲ್ಲ. ಕೊನೆಗೆ ಎದುರಿಗೆ ನಿಂತ ಅತ್ತಿಗೆಯ ಅತ್ತೆಮ್ಮನನ್ನು, ಅಂದರೆ ನನ್ನ ಸ್ವಂತ ತಾಯಿಯನ್ನೇ, ತಲೆಯಿಂದ ಗುಮ್ಮಿ ಹೊರಬಿದ್ದೆ.

ಈರಣ್ಣನನ್ನು ಎತ್ತಿ ಮುಂಗೈ ಮೇಲೆ ಬೋರಲು ಹಾಕಿಕೊಂಡೆ. ಒಬ್ಬ ಅಜ್ಜಿ ಅವನ ಬಾಯಿಗೆ ಬೆರಳು ಹಾಕಲು ಬಂದಳು. "ಬೆರಳ ಹಾಕಬ್ಯಾಡ, ಒಳಗ ಹೋಗತೈತಿ!" ಎಂದು ಅಬ್ಬರಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಏನಿಲ್ಲ. ಹೊರಳಿಸಿ ಎದೆ ಒತ್ತಿದೆ. ಏನಿಲ್ಲ. ಕಮಲವ್ವ ಎದುರಿಗೆ ಮಂಡಿಯೂರಿ ಕೂತು ನನ್ನ ಮುಖ ನೋಡುತ್ತಿದ್ದಳು. ಮತ್ತೆ ಬೋರಲು ಹಾಕಿದೆ. ನಾಲ್ಕನೆಯ ಪೆಟ್ಟಿಗೆ ಒಂದು ಕಡಲೆ ಕಾಳು ಹಾರಿ ಹೋಗಿ ಪರಾತಕ್ಕೆ ಬಡಿದು ಠಣ್ ಎಂದಿತು. ಆಮೇಲೆ ಈರಣ್ಣ ಅತ್ತ. ಅಂಥ ಕರ್ಕಶ ಧ್ವನಿ ಅವನದು, ಈಗಲೂ ಅಷ್ಟೇ. ಆದರೆ ಆ ದಿನ ಆ ಅಳುವನ್ನು ಕೇಳಿ ಮನೆತುಂಬ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ತಾವೂ ಅತ್ತರು.

ಇಡೀ ಮನೆಯೇ ಆಸ್ಪತ್ರೆಗೆ ಹೊರಟಿತು. ಬಾಣಂತಿಯ ಹೆಸರಿಲ್ಲದ ಕೂಸೂ ಕುಂಚಿಗೆಯಲ್ಲಿ ಬಂತು. ಡಾಕ್ಟರು ಈರಣ್ಣನ ಎದೆಗೆ ಸ್ಟೆತಸ್ಕೋಪ್ ಇಟ್ಟು ಎರಡೂ ಕಡೆ ಬಹಳ ಹೊತ್ತು ಕೇಳಿ, "ಸಾಫ್ ಐತಿ, ಆದರೂ ಸಂಜೀತನಾ ಇಲ್ಲೇ ಇರ್‍ರಿ" ಎಂದರು. ಮುಮ್ತಾಜ್ ಸಿಸ್ಟರ್ ನನ್ನನ್ನು ನೋಡಿದರು. ಬೈಗುಳ ಬಿಟ್ಟು ಬೇರೆ ಮಾತು ಅವರಿಗೆ ಹೊಳೆಯಲಿಲ್ಲವೇನೋ, "ಭಾಳ ಶಾಣ್ಯಾ ಅದಿ ಹೋಗ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಳಿಕ, "ಈ ಸಣ್ಣದಕ್ಕ ಏನ ಹೆಸರ ಇಟ್ರಿ?" ಎಂದು ಕೇಳಿದರು. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಹೆಸರಿಟ್ಟೇ ಇರಲಿಲ್ಲ! ಅಲ್ಲೇ ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ಬಗ್ಗಿ "ಕುರ್‍ರ್, ದೀಪಾ" ಎಂದೆ. ಈ ಸಲ ಯಾರೂ ಗುದ್ದಲಿಲ್ಲ.

"ಕಾಳ ಎಲ್ಲಿಂದ ಬಂತ?" ಎಂದು ಸಿಸ್ಟರ್ ಕೇಳಿದರು. "ಜಮಖಾನದ ಮ್ಯಾಲ ಬಿದ್ದಿರಬೇಕ್ರಿ" ಎಂದು ಯಾರೋ ಹೇಳಿದರು. ಎಲ್ಲರೂ ಹೌದೆಂದರು. ನಾನು ಬಾಯಿ ತೆರೆದೆ, ಸಪ್ಪಳ ಬರಲಿಲ್ಲ. ಹೀಗೆ ಅಪರಾಧ ಜಮಖಾನದ ತಲೆಗೆ ಬಂತು.

ನಂತರದ ವರ್ಷಗಳಲ್ಲಿ ಸಿಸ್ಟರ್ ನನ್ನನ್ನು ಗೊಂಬೆಯ ಜೊತೆ ನೇಸರಗಿಗೆ, ಮನೋಳಿಗೆ, ಎಲ್ಲೆಲ್ಲಿಗೋ ಕರೆದೊಯ್ದರು. ಅವರು ಗೊಂಬೆ ಹಿಡಿಯುವುದು, ನಾನು ಕತೆ ಹೇಳುವುದು. ಹೇಳುತ್ತ ಹೇಳುತ್ತ ಈರಣ್ಣ ಇನ್ನಷ್ಟು ನೀಲಿಯಾದ, ನಾನು ಇನ್ನಷ್ಟು ಧೈರ್ಯವಂತೆಯಾದೆ, ಜಮಖಾನ ಇನ್ನಷ್ಟು ಕೊಳೆಯಾಯಿತು. ನಮ್ಮ ಓಣಿಯಲ್ಲಂತೂ ಹೆಸರಿಡುವ ಮುನ್ನ ಜಮಖಾನವನ್ನು ಮೂರು ಸಲ ಝಾಡಿಸುವುದೇ ಹೊಸ ಪದ್ಧತಿಯಾಯಿತು. ಯಾಕೆ ಮೂರು ಸಲ ಎಂದರೆ ಅದಕ್ಕೂ ಉತ್ತರವಿಲ್ಲ.

ಮೊನ್ನೆ ಹೆಸರಿಟ್ಟದ್ದು ಅದೇ ಈರಣ್ಣನ ಮಗಳಿಗೆ. ಊಟವಾದ ಮೇಲೆ ಹೆಂಗಸರೆಲ್ಲ ಸುತ್ತ ಕೂತು "ಆ ಕತಿ ಹೇಳ್ರಿ ಅಕ್ಕಾರ" ಎಂದರು. ನಾನು ಎಂದಿನ ಉತ್ಸಾಹದಿಂದ ಶುರುಮಾಡಿ ಜಮಖಾನದವರೆಗೆ ಬಂದೆ. ಈರಣ್ಣನ ಹೆಂಡತಿ ಹೆಮ್ಮೆಯಿಂದ ಹೇಳಿದಳು: "ನಾವೂ ಮೂರ ಸಲ ಝಾಡಿಸೇವ್ರಿ. ಇನ್ನ ಏನೂ ಅಂಜಿಕಿಲ್ಲ." ಅವಳ ಬೆನ್ನ ಹಿಂದೆಯೇ ಒಬ್ಬಾಕೆ ಅಳುತ್ತಿದ್ದ ತನ್ನ ಮಗುವಿನ ಅಂಗೈಗೆ ನಾಲ್ಕು ಗುಗ್ಗರಿ ಕಾಳು ಹಾಕುತ್ತಿದ್ದಳು, ಪ್ರೀತಿಯಿಂದ, ನಾನು ಹಾಕಿದ ಹಾಗೆಯೇ.

ಎದ್ದು ಹೋಗಿ ಆ ಕಾಳು ಕಸಿದುಕೊಂಡೆ. ಮಗು ಊರು ಕೇಳುವಂತೆ ಅತ್ತಿತು. "ಜಮಖಾನದ್ದ ತಪ್ಪಲ್ರೇ" ಎಂದೆ. "ಅವತ್ತ ಈರಣ್ಣನ ಕೈಯಾಗ ಕಾಳ ಕೊಟ್ಟಾಕಿ ನಾನ. ಸೀರಿ ಹೊಲಸಾಗತೈತಿ ಅಂತ ಕೊಟ್ಟಿದ್ನಿ. ಇಷ್ಟ ವರ್ಷ ಸುಳ್ಳ ಹೇಳೇನಿ."

ನಾನು ಕಮಲವ್ವನ ಕಡೆ ನೋಡಲಾರದೆ ನೋಡಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ನಂಗ ಅವತ್ತ ಗೊತ್ತಾತಲ್ಲ" ಎಂದಳು. "ಆಸ್ಪತ್ರ್ಯಾಗ ಅವನ ಮುಷ್ಟಿ ಬಿಡಿಸಿದ್ರ ಇನ್ನೂ ಎರಡ ಕಾಳ ಇದ್ದೂ. ನಿನ್ನ ಮಾರಿ ನೋಡಿದ್ನಿ, ತಿಳೀತ."

"ಗೊತ್ತಿದ್ದೂ ಮರದಿನಾ ಈರಣ್ಣನ್ನ ನನ್ನ ಉಡ್ಯಾಗ ಹಾಕಿ ಹೊಲಕ್ಕ ಹ್ವಾದೆಲ್ಲ?" ಎಂದೆ.

"ಮತ್ತ ಯಾರ ಉಡ್ಯಾಗ ಹಾಕ್ಲಿ?" ಎಂದು ಕಮಲವ್ವ ಎಲೆ ಮಡಚಿ ಬಾಯಿಗಿಟ್ಟುಕೊಂಡಳು. "ಇಡೀ ಓಣ್ಯಾಗ ಇನ್ನ ಜಲ್ಮದಾಗ ಅವಂಗ ಕಾಳ ಕೊಡದಾಕಿ ನೀ ಒಬ್ಬಾಕಿನ ಇದ್ದಿ."

ಮೊದಲು ನಕ್ಕವಳು ಅವಳೇ. ಆಮೇಲೆ ಮನೆಯೆಲ್ಲ ನಕ್ಕಿತು. ನಾನು ನಕ್ಕೆನೋ ಅತ್ತೆನೋ ನನಗೆ ತಿಳಿಯಲಿಲ್ಲ, ಹಗುರಾದದ್ದು ಮಾತ್ರ ನಿಜ. ಈರಣ್ಣನ ಹೆಂಡತಿ ತನ್ನ ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿ, "ಸ್ವಲ್ಪ ಹಿಡೀರಿ, ನಾನೂ ಊಟಾ ಮಾಡಿ ಬರತೇನಿ" ಎಂದು ಹೋದಳು. ಹದಿಮೂರು ದಿನದ ಕೂಸು, ಅದರ ಕೈಯಲ್ಲಿ ಏನಿರುತ್ತದೆ? ಆದರೂ ಎರಡೂ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ ನೋಡಿದೆ.