ಅಮ್ಮನ ಬಟಾಟೆ ಕೋವಿ

ನನ್ನ ಅಪ್ಪ ಚೆಂಬೂರಿನ ಒಂದು ಉಡುಪಿ ಹೋಟೆಲಿನಲ್ಲಿ ಆಯುಷ್ಯ ಕಳೆದವರು. ಮೊದಲು ಕಪ್ಪು-ಬಸಿ ತೊಳೆದರು, ಆಮೇಲೆ ಬಡಿಸಿದರು, ಕೊನೆಗೆ ಗಲ್ಲಾದಲ್ಲಿ ಕೂತರು. ಅಲ್ಲಿ ಅವರು ಕಲಿತ ಮೊದಲ ಪಾಠವೆಂದರೆ ಗಿರಾಕಿ ದೂರಿದರೆ ವಾದ ಮಾಡಬಾರದು. ಸಾಂಬಾರಿನಲ್ಲಿ ಕೂದಲಿದೆ ಎಂದರೆ ಎಲ್ಲಿ ಎಂದು ಬಗ್ಗಿ ನೋಡಬಾರದು. ಚಟ್ನಿ ಹುಳಿ ಎಂದರೆ ರುಚಿ ನೋಡಬಾರದು. "ತಪ್ಪಾಯ್ತು" ಎನ್ನಬೇಕು, ತಟ್ಟೆ ಎತ್ತಬೇಕು, ಒಳಗೆ ಹೋಗಬೇಕು. ಎತ್ತಿದ ತಟ್ಟೆ ಮತ್ತೆ ಹೊರಗೆ ಬರುವಂತಿಲ್ಲ.

ಹೋಟೆಲಿಗೆ ಇದು ಸರಿ. ಆದರೆ ಅಪ್ಪ ಅದನ್ನು ಮನೆಗೂ ತಂದರು. ಚಿಕ್ಕವಳಿದ್ದಾಗ ಪಲ್ಯಕ್ಕೆ ಉಪ್ಪು ಜಾಸ್ತಿ ಎಂದು ನಾನು ಮುಖ ಸೊಟ್ಟ ಮಾಡಿದರೆ ಸಾಕು, ಅವರ ಕೈ ತಾನಾಗಿ ಬಂದು ನನ್ನ ತಟ್ಟೆ ಎತ್ತುತ್ತಿತ್ತು. ಅಮ್ಮ ಕೆಂಡವಾಗುತ್ತಿದ್ದಳು. "ಮಾಡಿದ್ದು ನಾನು. ತಪ್ಪಾಯ್ತು ಹೇಳ್ಲಿಕ್ಕೆ ನೀವು ಯಾರು? ಇಡಿ ಕೆಳಗೆ." ಅಪ್ಪ ಇಡುತ್ತಿದ್ದರು. ಅಮ್ಮನ ಎದುರೂ ಅವರು ವಾದ ಮಾಡಿದವರಲ್ಲ.

ಅಮ್ಮನ ಜಾಯಮಾನವೇ ಬೇರೆ. ಅವಳ ಊರಲ್ಲಿ ದೈವದ ಕೋಲ ನಡೆದಾಗ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಗರ್ನಾಲು ಸಿಡಿಸುತ್ತಿದ್ದರಂತೆ. ಹೆಣ್ಣುಮಕ್ಕಳು ದೂರ ನಿಲ್ಲಬೇಕು, ಕಿವಿ ಮುಚ್ಚಿಕೊಳ್ಳಬೇಕು. ಅಮ್ಮ ದೂರ ನಿಂತಳು, ಕಿವಿ ಮಾತ್ರ ಮುಚ್ಚಲಿಲ್ಲ. ಒಂದು ಸಲವಾದರೂ ತಾನೇ ಸಿಡಿಸಬೇಕೆಂಬ ಆಸೆಯನ್ನು ಮದುವೆ, ಮುಂಬೈ, ನಾನು, ಮಂಡಿನೋವು ಎಲ್ಲವೂ ಬರುವವರೆಗೂ ಒಳಗೆ ಇಟ್ಟುಕೊಂಡಿದ್ದಳು.

ಆಮೇಲೆ ಅವಳ ಕೈಗೆ ಮೊಬೈಲು ಬಂತು. ಯಾವುದೋ ದೇಶದ ಒಬ್ಬ ಮುದುಕ ತನ್ನ ಹಿತ್ತಲಲ್ಲಿ ನಿಂತು ಪೈಪಿನಿಂದ ಬಟಾಟೆ ಹಾರಿಸುವ ವಿಡಿಯೊ ಅದರಲ್ಲಿ ಕಂಡಿತು. ಅದನ್ನು ಎಷ್ಟು ಸಲ ನೋಡಿದಳೋ. "ಇದು ಎಂತ ದೊಡ್ಡ ವಿದ್ಯೆ ಮಾರಾಯ್ತಿ, ಗಾಳಿ ತುಂಬ್ಸುದು, ಬಿಡುದು" ಎಂದಳು. ಮಾರ್ಕೆಟಿನ ಹಾರ್ಡ್‌ವೇರ್ ಅಂಗಡಿಯವನ ತಲೆ ತಿಂದು ಪ್ಲಾಸ್ಟಿಕ್ ಪೈಪು, ಜೋಡಣೆ, ವಾಲ್ವು ತಂದಳು. ಮದ್ದು, ಬೆಂಕಿ ಬೇಡವೇ ಬೇಡ ಎಂದು ಮೊದಲೇ ನಿಶ್ಚಯಿಸಿದ್ದಳು. ದೀಪಾವಳಿಗೆ ಪೈಪಿನಲ್ಲಿ ಏನೇನೋ ಸಿಡಿಸಿ ಕಣ್ಣು ಕಳಕೊಂಡ ಮಕ್ಕಳ ಸುದ್ದಿ ಓದಿ ಅವಳು ಊಟ ಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಇವಳದ್ದು ಸೈಕಲ್ ಪಂಪಿನ ಗಾಳಿ ಮಾತ್ರ. ಕೈ ಜಾರದಿರಲೆಂದು ತನ್ನ ಹಳೆಯ ಹಸಿರು ಸೀರೆಯ ಅಂಚು ಹರಿದು ಹಿಡಿಕೆಗೆ ಸುತ್ತಿದಳು. ಕೆಲಸವಿಲ್ಲದಾಗ ಅದು ಅಡುಗೆಮನೆಯ ಗೋಡೆಯಲ್ಲಿ, ತುರಿಮಣೆ ತೂಗುಹಾಕುವ ಮೊಳೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು.

ಬಟಾಟೆ ಒದಗಿಸಿದವರು ಅಪ್ಪ. ಹೋಟೆಲಿಗೆ ಬರುವ ಮೂಟೆಯಲ್ಲಿ ಹಸಿರುಗಟ್ಟಿದ್ದು, ಮೊಳಕೆ ಬಂದದ್ದು ಮಸಾಲೆದೋಸೆಗೆ ನಡೆಯದು. ಆರಿಸಿ ಎಸೆಯುವ ಅಂಥವನ್ನು ಶನಿವಾರ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಭಾನುವಾರ ಸಂಜೆ ಬಿಲ್ಡಿಂಗಿನ ಟೆರೇಸಿನಲ್ಲಿ ಅಮ್ಮನ ಕಛೇರಿ. ಹಿಂದುಗಡೆ ಹಳೆಯ ಬಿಲ್ಡಿಂಗ್ ಕೆಡವಿದ ಜಾಗ, ಬಿಲ್ಡರುಗಳ ಜಗಳದಲ್ಲಿ ಖಾಲಿ ಬಿದ್ದು ಹುಲ್ಲು ಬೆಳೆದಿತ್ತು. ಅದನ್ನು ಕಾಯುತ್ತಿದ್ದ ವಾಚ್‌ಮನ್ ವಿಜಯಪುರದ ಕಡೆಯವನು. ಅವನು ತಗಡಿನ ಬೇಲಿಯ ಪಕ್ಕ ನಿಂತು, ಒಳಗೆ ಯಾರೂ ಇಲ್ಲವೆಂದು ನೋಡಿ ಕೈ ಎತ್ತಿದರೆ ಮಾತ್ರ ಅಮ್ಮ ವಾಲ್ವು ಬಿಡುತ್ತಿದ್ದಳು. ಠುಪ್ ಎಂಬ ಶಬ್ದ. ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ಅವನ ಕೂಗು: "ಬಿತ್ರೀ ಅಕ್ಕಾರ!" ಅಷ್ಟಕ್ಕೇ ಅಮ್ಮ ನಗುತ್ತಿದ್ದ ನಗುವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಿಲ್ಡಿಂಗಿನ ಸೊಸೈಟಿಯಲ್ಲಿ ಒಬ್ಬರು, ಇದು ಕಾನೂನಿಗೆ ವಿರುದ್ಧ, ಕೋವಿಗೆ ಲೈಸೆನ್ಸ್ ಬೇಕು ಎಂದು ತಕರಾರು ತೆಗೆದರು. ಅಪ್ಪ ಆಗಲೇ "ತಪ್ಪಾಯ್ತು" ಎನ್ನಲು ಬಾಯಿ ತೆರೆದಿದ್ದರು. ಅಮ್ಮ ಅವರನ್ನು ತಡೆದು, ಡಬ್ಬಿಯಲ್ಲಿ ಬಿಸಿ ಗೋಳಿಬಜೆ ತುಂಬಿಕೊಂಡು, ಪೈಪನ್ನು ಹೆಗಲಿಗೇರಿಸಿ ನೇರ ಪೊಲೀಸ್ ಸ್ಟೇಷನ್ನಿಗೆ ನಡೆದಳು. ಇದು ತಪ್ಪೋ ಸರಿಯೋ ನೀವೇ ಹೇಳಿ ಎಂದಳಂತೆ. ಅಲ್ಲಿದ್ದ ಸಾಹೇಬರು ಪೈಪನ್ನು ತಿರುಗಿಸಿ ಮುರುಗಿಸಿ ನೋಡಿ "ಕಶಾಲಾ?" ಎಂದರು. ಯಾತಕ್ಕೆ ಎಂಬ ಪ್ರಶ್ನೆಗೆ ಅಮ್ಮ ಕೊಟ್ಟ ಉತ್ತರ "ಮಜಾ." ಸಾಹೇಬರು ನಕ್ಕು ಗೋಳಿಬಜೆ ತಿಂದು ತೀರ್ಪು ಕೊಟ್ಟರು: "ಕಾಚ್ ನಕೋ, ಡೋಕಾ ನಕೋ." ಗಾಜಿಗೆ ಬೀಳಬಾರದು, ತಲೆಗೆ ಬೀಳಬಾರದು. ನಮ್ಮ ಮನೆಯಲ್ಲಿ ಅದೇ ಕಾನೂನಾಯಿತು.

ಮುಂದಿನ ಮಳೆಗಾಲದಲ್ಲಿ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಕಂಡಾಗಲೇ ತಡವಾಗಿತ್ತು. ಆ ತಿಂಗಳುಗಳ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಒಂದು ಭಾನುವಾರ ಮಾತ್ರ ಬರೆಯುತ್ತೇನೆ. ಅಪ್ಪ ಅವಳನ್ನು ಕೈಹಿಡಿದು ಟೆರೇಸಿಗೆ ಕರೆತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಪಂಪು ಒತ್ತುವ ಶಕ್ತಿ ಅವಳಿಗಿರಲಿಲ್ಲ, ಅಪ್ಪ ಒತ್ತಿದರು. ಅವಳು ವಾಲ್ವು ಬಿಟ್ಟಳು. "ಬಿತ್ರೀ ಅಕ್ಕಾರ!" ಎಂದು ಕೂಗು ಬಂತು. ಅಮ್ಮ ಹಿಡಿಕೆಯ ಸೀರೆ ಅಂಚನ್ನು ಸವರುತ್ತ ಅಪ್ಪನಿಗೆ ಹೇಳಿದಳು, "ನಾ ಹೋದ್ಮೇಲೆ ಇದನ್ನ ಯಾರಿಗಾದ್ರೂ ಕೊಟ್ಟು ಬಿಡ್ಬೇಡಿ ಮತ್ತೆ. ನಿಮ್ಮ ಕೈ ಸಮ ಇಲ್ಲ." ಮೂವರೂ ನಕ್ಕೆವು.

ಅವಳು ಹೋದ ಮೇಲೆ ಅಪ್ಪ ಮಾತು ಬಿಟ್ಟರು. ಹೋಟೆಲನ್ನೂ ಬಿಟ್ಟರು. ನಾನು ಮಲಾಡಿನ ಆಫೀಸಿನಿಂದ ಎರಡು ಲೋಕಲ್ ಬದಲಿಸಿ ಮನೆಗೆ ಬಂದರೆ ಬೆಳಿಗ್ಗೆ ಮುಚ್ಚಿಟ್ಟ ಅನ್ನ ಹಾಗೇ ಇರುತ್ತಿತ್ತು. ಬೈದರೆ "ತಪ್ಪಾಯ್ತು" ಎಂದು ತಟ್ಟೆ ಎತ್ತಿ ಒಳಗೆ ಹೋಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಅದರ ಬೆನ್ನಿಗೇ ಹೆದರಿಕೆಯೂ ಆಗುತ್ತಿತ್ತು. ಅಮ್ಮನ ಹಿಂದೆ ಇವರೂ ಹೊರಟು ನಿಂತಿದ್ದಾರೆ ಎನಿಸುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಅವರು ತಾವಾಗಿ ಎದ್ದು ಮೊಳೆಯಿಂದ ಪೈಪು ಇಳಿಸಿದರು. ಒಂದೇ ಒಂದು ಬಟಾಟೆ ತೆಗೆದುಕೊಂಡರು. ನಾನು ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬಾಗಿಲ ಮರೆಯಲ್ಲಿ ನಿಂತೆ. ಠುಪ್. ಕೆಳಗಿನಿಂದ ಕೂಗು ಬರಲು ಸ್ವಲ್ಪ ತಡವಾಯಿತು. "ಬಿತ್ರೀ ಅಪ್ಪಾರ!" ಆ ಸಂಜೆ ಅಪ್ಪ ಗಂಜಿ ಕುಡಿದರು, ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡರು. ಅಂದಿನಿಂದ ವಾರಕ್ಕೊಂದು ಬಟಾಟೆ. ಭಾನುವಾರದ ಆ ಠುಪ್ ಶಬ್ದವೇ ನನ್ನ ಅಪ್ಪನನ್ನು ಉಳಿದ ದಿನಗಳಲ್ಲಿ ಬದುಕಿಸುತ್ತಿತ್ತು. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆಮೇಲೆ ಬಿಲ್ಡರುಗಳ ಜಗಳ ಮುಗಿಯಿತು. ಹೊಸ ಕಂಪನಿ ಬಂತು, ಹಳೆಯ ವಾಚ್‌ಮನ್ನನ್ನು ತೆಗೆದರು, ಬೇಲಿಯೊಳಗೆ ಒಂದು ಬದಿಗೆ ತಗಡಿನ ಶೆಡ್ಡು ಎದ್ದಿತು. ಆ ಭಾನುವಾರ ಕೆಳಗೆ ಕೈ ಎತ್ತಿ ತೋರಿಸುವವರಿಲ್ಲದಿದ್ದರೂ ಅಪ್ಪ ಖಾಲಿ ಹುಲ್ಲಿನ ಕಡೆಗೇ ಗುರಿಯಿಟ್ಟಿದ್ದರು. ಗಾಳಿಗೆ ಓಲಿ ಬಟಾಟೆ ಶೆಡ್ಡಿನ ಮೇಲೆ ಬಿತ್ತು. ಗಾಜಲ್ಲ, ತಲೆಯಲ್ಲ. ಆದರೆ ತಗಡಿಗೆ ಬಿದ್ದ ಬಟಾಟೆಯ ಸದ್ದು ಸಣ್ಣದಲ್ಲ. ಕೆಳಗಿನಿಂದ ಈ ಸಲ ಬಂದದ್ದು ಬೈಗುಳ.

ಮರುದಿನ ಸಂಜೆ ನಾನು ಲೋಕಲಿನಲ್ಲಿ ಜೋತಾಡುತ್ತಿದ್ದಾಗ ಇಬ್ಬರು ಪೊಲೀಸರು ಮನೆಗೆ ಬಂದಿದ್ದರು. ನಾನು ಬಂದಾಗ ಟೀಪಾಯಿಯ ಮೇಲೆ ಎರಡು ಖಾಲಿ ಕಾಫಿ ಲೋಟಗಳಿದ್ದವು. ಗೋಡೆಯಲ್ಲಿ ತುರಿಮಣೆ ಇತ್ತು, ಅದರ ಪಕ್ಕದ ಮೊಳೆ ಬೋಳಾಗಿತ್ತು.

"ಎಲ್ಲಿ ಅದು?" ಎಂದೆ.

"ಕೊಟ್ಟೆ."

"ಅವರು ಕೇಳಿದ್ರಾ? ಸೀಜ್ ಮಾಡಿದ್ರಾ?"

ಅಪ್ಪ ಯೋಚಿಸಿದರು. ಯೋಚಿಸುವಾಗ ಅವರ ಮುಖ ನಿಧಾನವಾಗಿ ಇಳಿಯಿತು. "ಕಂಪ್ಲೇಂಟ್ ಉಂಟು ಹೇಳಿದ್ರು. ನಾನು ತಪ್ಪಾಯ್ತು ಹೇಳಿದೆ. ಪೇಪರಲ್ಲಿ ಸುತ್ತಿ ಕೊಟ್ಟೆ."

ನಾನು ಕೂಗಾಡಿದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಎಂದೆ. ಅಮ್ಮ ಹೇಳಿರಲಿಲ್ಲವಾ ಎಂದೆ. ಅಪ್ಪ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ಕೂತರು. ಎದುರು ಬಂದು ನಿಂತವನು ದೂರಿದ್ದಾನೆ, ಇವರ ಕೈ ತಟ್ಟೆ ಎತ್ತಿದೆ. ಅದರ ನಡುವೆ ಇವರ ಮನಸ್ಸಿಗೆ ಕೆಲಸವೇ ಇರಲಿಲ್ಲ. ಆ ರಾತ್ರಿ ಅವರು ಊಟ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ.

ಸಾಂತಾಕ್ರೂಜಿನಲ್ಲಿ ನನಗೆ ಪರಿಚಯದ ಒಬ್ಬ ವಕೀಲೆ ಇದ್ದಾಳೆ. ಅವಳ ಹತ್ತಿರ ಹೋದೆ. ಅವಳು ನಗದೆ ಎಲ್ಲ ಕೇಳಿಸಿಕೊಂಡಳು, ಅದಕ್ಕೇ ಅವಳ ಮೇಲೆ ನನಗೆ ಗೌರವ. "ನೋಡು, ಕಾನೂನಿನ ಅಕ್ಷರ ಹಿಡಿದು ಓದಿದರೆ ಗಾಳಿಯಿಂದಲೋ ಮದ್ದಿನಿಂದಲೋ ಏನನ್ನಾದರೂ ಚಿಮ್ಮಿಸುವುದಕ್ಕೆ ಮಾಡಿದ್ದನ್ನೆಲ್ಲ ಆಯುಧ ಅನ್ನಬಹುದು. ಬುದ್ಧಿ ಇಟ್ಟು ಓದಿದರೆ ಇದು ಆಟಿಕೆ. ಬಟಾಟೆಯ ವಿಷಯ ಯಾರೂ ಬರೆದಿಟ್ಟಿಲ್ಲ. ಎದುರಿಗಿರುವ ಸಾಹೇಬ ಹೇಗೆ ಓದುತ್ತಾನೋ ಹಾಗೆ. ಆದರೆ ಯಾರಿಗಾದರೂ ಪೆಟ್ಟಾದರೆ ಮಾತ್ರ ಎರಡು ಓದು ಇಲ್ಲ, ಕೇಸೇ." ಇನ್ನು ಹಾರಿಸುವ ಆಸೆ ಬಿಡು ಎಂದಳು. ಹಾರಿಸುವುದು ಬೇಡ, ಮೊಳೆಗೆ ತೂಗುಹಾಕಿದರೆ ಸಾಕು ಎಂದೆ. "ಹಾಗಾದರೆ ಹೋಗಿ ಕೇಳು. ಕೊಡಬಹುದು."

ಶನಿವಾರ ಅಪ್ಪನನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆ. ಅವರು ಶೇವ್ ಮಾಡಿಕೊಂಡಿದ್ದರು, ಇಸ್ತ್ರಿ ಅಂಗಿ ಹಾಕಿದ್ದರು. ಗೋಳಿಬಜೆ ತಿಂದ ಸಾಹೇಬರು ವರ್ಗವಾಗಿ ಹೋಗಿದ್ದರು. ಮನೆಗೆ ಬಂದಿದ್ದವರಲ್ಲಿ ಒಬ್ಬರು ಸಿಕ್ಕರು, ಒಳ್ಳೆಯ ಮನುಷ್ಯ. ಅಪ್ಪನನ್ನು ನೋಡಿ ಎದ್ದು ನಿಂತು "ಆಪ್ ಕಾ ಕಾಫಿ ಬಹುತ್ ಅಚ್ಛಾ ಥಾ, ಬಾಬಾ" ಎಂದು ಅಂದಿನ ಕಾಫಿಯನ್ನು ಹೊಗಳಿದರು. ನಾನು ಪೈಪಿನ ವಿಷಯ ತೆಗೆದೆ. ಅವರು ಗಲ್ಲ ಕೆರೆದುಕೊಂಡರು.

"ಹಮ್ ನೇ ಮಾಂಗಾ ನಹೀಂ ಥಾ, ಮ್ಯಾಡಮ್. ಸಿರ್ಫ್ ಸಮಝಾನೇ ಆಯೇ ಥೇ. ಬಾಬಾ ನೇ ಖುದ್ ಹಾಥ್ ಮೇಂ ದಿಯಾ."

ಅವರು ಪೈಪನ್ನು ಕೇಳಿಯೇ ಇರಲಿಲ್ಲ, ಬಂದದ್ದು ಬುದ್ಧಿ ಹೇಳಲು ಮಾತ್ರ. ಕೇಸಿಲ್ಲ, ಜಪ್ತಿಯಿಲ್ಲ. ಬೇಡವೆಂದರೂ ಮುದುಕ ಕೈಗಿಟ್ಟದ್ದನ್ನು ತಂದು ಹಿಂದಿನ ವರಾಂಡದಲ್ಲಿ ಒರಗಿಸಿದ್ದರಂತೆ. ಎರಡು ದಿನದ ಹಿಂದೆ ವರಾಂಡ ತೆರವು ಮಾಡಿಸುವಾಗ ಮುರಿದ ಕುರ್ಚಿಗಳ ಜೊತೆ ಭಂಗಾರದವನು, ಎಂದರೆ ಗುಜರಿಯವನು, ಅದನ್ನೂ ಒಯ್ದಿದ್ದ. ಅವರೇ ನಮ್ಮ ಜೊತೆ ಭಂಗಾರದ ಅಂಗಡಿವರೆಗೆ ಬಂದರು. ಅಲ್ಲಿ ಪೈಪುಗಳನ್ನೆಲ್ಲ ತುಂಡರಿಸಿ, ಪುಡಿ ಮಾಡುವಲ್ಲಿಗೆ ಕಳಿಸಿ ಆಗಿತ್ತು. ಹಸಿರು ಬಟ್ಟೆ ಸುತ್ತಿದ್ದು ಒಂದಿತ್ತು ಎಂದು ಅಂಗಡಿಯವನಿಗೆ ನೆನಪಿತ್ತು. ಬಟ್ಟೆಯನ್ನು ಬಿಚ್ಚಿ ಬಿಸಾಡಿದೆ ಎಂದ.

ಅಪ್ಪ ಅವನಿಗೂ ಕೈ ಮುಗಿದು "ತಪ್ಪಾಯ್ತು" ಎಂದರು. ಕನ್ನಡದಲ್ಲಿಯೇ. ಅವನಿಗೆ ಅರ್ಥವಾಗಲಿಲ್ಲ.

ವಾಪಸು ಬರುವಾಗ ಅವರು ಎರಡು ಸಲ ಅಂಗಡಿಗಳ ಮೆಟ್ಟಿಲ ಮೇಲೆ ಕೂತು ಎದ್ದರು. ಏನಾದರೂ ತಿನ್ನಿಸಬೇಕೆಂದು ದಾರಿಯಲ್ಲಿದ್ದ ಒಂದು ಹೋಟೆಲಿಗೆ ಹೊಕ್ಕೆ. ಅಪ್ಪನ ಹೋಟೆಲಲ್ಲ, ಅಂಥದ್ದೇ ಇನ್ನೊಂದು. ಇಬ್ಬರಿಗೂ ಮಸಾಲೆದೋಸೆ ಹೇಳಿದೆ. ಅಪ್ಪ ಒಂದು ತುಂಡು ಮುರಿದು ಬಾಯಿಗಿಟ್ಟು ಅಗಿಯುತ್ತ ಕೂತರು. ನಾನು ನನ್ನದನ್ನು ತಿಂದು ನೋಡಿದೆ. ಬಟಾಟೆ ಪಲ್ಯ ಹಳಸಿತ್ತು.

ಅಳಲಾಗದ ಸಿಟ್ಟೆಲ್ಲ ಬಂದು ಅಲ್ಲಿ ನಿಂತಿತು. ಸಪ್ಲೈಯರನ್ನು ಕರೆದು, ಇದನ್ನು ಮನುಷ್ಯರು ತಿನ್ನುವುದಾ ಎಂದು ಜೋರಾಗಿಯೇ ಕೇಳಿದೆ. ಊರ ಕಡೆಯ ಮುಖದ, ನಡುವಯಸ್ಸಿನ ಮನುಷ್ಯ. ಎಲ್ಲಿ ಎಂದು ಬಗ್ಗಿ ನೋಡಲಿಲ್ಲ. ಮೂಸಲಿಲ್ಲ. "ತಪ್ಪಾಯ್ತಕ್ಕ, ಬೇರೆ ತರ್ತೇನೆ" ಎಂದು ನನ್ನ ತಟ್ಟೆ ಎತ್ತಿದ. ಇನ್ನೊಂದು ಕೈಯನ್ನು ಅಪ್ಪನ ತಟ್ಟೆಗೆ ಚಾಚಿದ.

ಅಪ್ಪ ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವನು ಮೆಲ್ಲಗೆ ಎಳೆದ. ಅಪ್ಪ ಬಿಡಲಿಲ್ಲ.

"ತೆಗೀಬೇಡ ಮಾರಾಯ," ಎಂದರು. "ಇರ್ಲಿ. ನಾನು ಕೊಡುದಿಲ್ಲ."

ಅವನು ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ. ಅವನು ಹೋದ. ಅಪ್ಪ ತಟ್ಟೆಯನ್ನು ಎದೆಗೆ ಹತ್ತಿರ ಎಳೆದುಕೊಂಡರು. ಅಮ್ಮ ಹೋದ ದಿನವೂ ಅಳದಿದ್ದವರು ಅಲ್ಲಿ, ಅಷ್ಟು ಜನರ ನಡುವೆ, ಸದ್ದು ಮಾಡಿ ಅತ್ತರು. ಅಳುತ್ತಲೇ ಆ ಹಳಸಿದ ಪಲ್ಯವನ್ನು ಪೂರ್ತಿ ತಿಂದರು. ನಾನು ತಡೆಯಲಿಲ್ಲ.