ಎರೆಹೊಲದಲ್ಲಿ ವಾಲುವ ಗದ್ದುಗೆ

ಬಸ್ಸಿನಲ್ಲಿ ಪಕ್ಕ ಕೂತವರು ನಿಮ್ಮದು ಯಾವ ಊರು ಎಂದು ಕೇಳಿದರೆ ನಮ್ಮ ಕಲ್ಲೇಶಪ್ಪ ಊರಿನ ಹೆಸರು ಹೇಳುವುದಿಲ್ಲ. "ಎರೆಹೊಲ ಐತ್ರಿ ನಮ್ದು" ಎನ್ನುತ್ತಾನೆ. ಕೇಳಿದವರು ಬೇರೇನೂ ತೋಚದೆ "ಹೌದ್ರಾ, ಚೆನ್ನಾಗೈತೆ ಬಿಡ್ರಿ" ಎಂದು ಕಿಟಕಿ ಕಡೆ ತಿರುಗಿದರೂ ಬಿಡುವವನಲ್ಲ. ನ್ಯಾಮತಿ ಬಸ್‌ಸ್ಟ್ಯಾಂಡಿನಿಂದ ಗೋವಿನಕೋವಿ ಬರುವಷ್ಟರಲ್ಲಿ ಆ ಕಪ್ಪು ಮಣ್ಣಿನ ಹಿರಿಮೆ ಇಡೀ ಬಸ್ಸಿಗೆ ಬಾಯಿಪಾಠವಾಗಿರುತ್ತದೆ.

ಅವನು ನನ್ನ ಸೋದರಮಾವ ಮರುಳಪ್ಪನ ಹಿರಿಯ ಮಗ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಹಟದಲ್ಲಿ ನಮ್ಮ ವಂಶಕ್ಕೇ ದೊಡ್ಡವನು. ಹೆಂಡತಿ ಹೇಮಾವತಿಯನ್ನು ಜಗಳೂರು ಕಡೆಯಿಂದ ತಂದುಕೊಂಡ. ಅಲ್ಲಿಯದು ಕೆಂಪು ಮಣ್ಣು. ಮದುವೆಯಾದ ಮೊದಲ ವಾರವೇ ಅವಳನ್ನು ಹೊಲಕ್ಕೆ ಕರೆದೊಯ್ದು, ಒಂದು ಹಿಡಿ ಎರೆ ನಾದಿ, ದಾರದ ಹಾಗೆ ಹೊಸೆದು ತೋರಿಸಿದನಂತೆ. "ನಿಮ್ಮೂರ ಮಣ್ಣು ಹಿಂಗೆ ಬರ್ತದಾ?" ಎಂದು ಕೇಳಿದನಂತೆ. "ಇಲ್ಲ ಬಿಡ್ರಿ, ನಮ್ಮೂರ ಮಣ್ಣು ಮಳೆಗಾಲದಾಗೆ ಚಪ್ಲಿನೂ ಕಿತ್ಕೊಳ್ಳಲ್ಲ" ಎಂದಳಂತೆ ಅವಳು. ಸಂಸಾರ ಅಲ್ಲಿಂದ ಶುರುವಾಯಿತು, ಇವತ್ತಿಗೂ ಅದೇ ಧಾಟಿಯಲ್ಲಿ ನಡೆಯುತ್ತಿದೆ.

ನಾನು ಹೊನ್ನಾಳಿಯಲ್ಲಿ ಮಣ್ಣು ಪರೀಕ್ಷೆಯ ಕೆಲಸ ಮಾಡಿ ನಿವೃತ್ತನಾದವನು. ಜೀವಮಾನವೆಲ್ಲ ಜನ ಚೀಲದಲ್ಲಿ ತಂದುಕೊಟ್ಟ ಮಣ್ಣು ನೋಡಿ ಸಲಹೆ ಹೇಳಿದ್ದೇನೆ. ಅವರು ಅದನ್ನು ಶ್ರದ್ಧೆಯಿಂದ ಕೇಳಿ, ಮನೆಗೆ ಹೋಗಿ ಪಕ್ಕದ ಹೊಲದವನು ಏನು ಹಾಕಿದನೋ ಅದನ್ನೇ ಹಾಕಿದ್ದಾರೆ. ಆದ್ದರಿಂದ ಕೇಳದವರಿಗೆ ಹೇಳುವುದು ನನಗೆ ಅಭ್ಯಾಸವಾಗಿದೆ. ನಿಮಗೂ ಹೇಳಿಬಿಡುತ್ತೇನೆ.

ಕಲ್ಲೇಶಪ್ಪನ ಹೊಲದ ಹಿಂದೆ ಒಂದು ಗುಡ್ಡವಿದೆ. ಮೇಲೆಲ್ಲ ಹುಲ್ಲು, ದನ ಮೇಯುವ ಕಾವಲು. ಸಂಜೆ ತಂಪು ಗಾಳಿಗೆ ಅಲ್ಲಿ ಕೂರುವುದೇ ಸುಖ. ಆ ಗುಡ್ಡದ ಕಲ್ಲು ಒಡೆದರೆ ಒಳಗೆ ಹಸಿರು ಬೆರೆತ ಕಪ್ಪು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಅದು ಜ್ವಾಲಾಮುಖಿಯಿಂದ ಹರಿದ ಲಾವಾ. ಆರಿತು, ನೆಲದಡಿ ಹೂತು ಒತ್ತಡಕ್ಕೂ ಬಿಸಿಗೂ ಸಿಕ್ಕಿ ಬೆಂದಿತು, ಮತ್ತೆ ಮೇಲೆ ಬಂತು. ಆಮೇಲೆ ಮಳೆ ಬಿಸಿಲು ಸೇರಿ ಅದನ್ನು ನಿಧಾನವಾಗಿ ಕೊಳೆಸಿದವು. ನುಣ್ಣಗಿನ ಜಿಗುಟು ಪುಡಿ ಇಳಿಜಾರಿನಲ್ಲಿ ಜಾರಿ ಬುಡದಲ್ಲಿ ನಿಂತಿತು. ನೀರು ಸರಾಗ ಹರಿದು ಹೋಗದ ಆ ಜಾಗದಲ್ಲಿ ಸುಣ್ಣದ ಅಂಶವೂ ಉಳಿಯಿತು, ಎರೆಯೂ ಆಯಿತು. ಅದರ ಕಣಗಳು ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದ ರೊಟ್ಟಿಗಳ ಹಾಗೆ. ನಡುವೆ ನೀರು ನುಗ್ಗಿದರೆ ಇಡೀ ನೆಲ ಉಬ್ಬುತ್ತದೆ, ಆರಿದರೆ ಕುಗ್ಗಿ ಕುಡುಗೋಲು ಬಿದ್ದರೂ ಸಿಗದಂಥ ಬಿರುಕು ಬಿಡುತ್ತದೆ. ಮೇಲಿನ ಪುಡಿ ಬಿರುಕಿಗೆ ಬೀಳುತ್ತದೆ, ಮಳೆ ಬಂದಾಗ ಕೆಳಗಿನದು ಮೇಲಕ್ಕೆ ತಳ್ಳಿಸಿಕೊಂಡು ಬರುತ್ತದೆ. ಯಾರೂ ಉಳದಿದ್ದರೂ ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು ಅದು. ನಮ್ಮೂರಲ್ಲಿ ಹೇಳಿಸಿಕೊಳ್ಳದೆ ಕೆಲಸ ಮಾಡುವುದು ಅದೊಂದೇ.

ಇಂಥ ಮಣ್ಣಿನ ಮೇಲೆ ಏನನ್ನು ಕಟ್ಟಿದರೂ ಅದು ನಿಂತಲ್ಲಿ ನಿಲ್ಲುವುದಿಲ್ಲ. ಇದನ್ನು ಕಲ್ಲೇಶಪ್ಪನಿಗೆ ಹೇಳುವವರು ಯಾರು?

ಮರುಳಪ್ಪ ಮಾವ ಬದುಕಿದ್ದಾಗಲೇ ಹೊಲವನ್ನು ಇಬ್ಬರು ಮಕ್ಕಳಿಗೆ ಹಂಚಿದ್ದ. ನೀರಿನ ಸೌಕರ್ಯವಿದ್ದ ಕಡೆ ಕಿರಿಯ ರೇವಣ್ಣನಿಗೆ ಹೋಯಿತು, ಗುಡ್ಡದ ಕಡೆಯದು ಕಲ್ಲೇಶಪ್ಪನಿಗೆ ಬಂತು. ಅವತ್ತೇ ಕಲ್ಲೇಶಪ್ಪ "ತಮ್ಮನ ಹೊಲಕ್ಕೆ ಕಾಲಿಟ್ರೆ ಕೇಳ್ರಿ" ಎಂದು ಪಂಚರ ಮುಂದೆ ಶಪಥ ಮಾಡಿದ. ಮಾವ ತೀರಿಕೊಂಡ ದಿನ ಇವನು ಹತ್ತಿ ಮಾರಲು ಹೊನ್ನಾಳಿಗೆ ಹೋಗಿದ್ದ. ಮಾವ ನೀರು ಕೇಳಿದ. ರೇವಣ್ಣ ಬಾಯಿಗೆ ಬಿಟ್ಟ. ಇವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪ ತನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಹೋದ ಎಂಬುದೊಂದು ಅವನ ಎದೆಯಲ್ಲಿ ಕೂತುಬಿಟ್ಟಿತು.

ಮಾವನನ್ನು ನಮ್ಮ ಪದ್ಧತಿಯಂತೆ ಕೂರಿಸಿ ಹೂಳಿದರು, ಇಬ್ಬರ ಹೊಲದ ನಡುವಿನ ಬದುವಿನ ಮೇಲೆಯೇ. ಮೇಲೆ ಸೈಜುಗಲ್ಲಿನ ಗದ್ದುಗೆ ಕಟ್ಟುವಾಗ ರೇವಣ್ಣ, ಗಟ್ಟಿ ನೆಲ ಸಿಗುವ ತನಕ ಪಾಯ ತೆಗೆಯೋಣ ಎಂದು ಹೇಳಿ ಕಳಿಸಿದ. ಕಲ್ಲೇಶಪ್ಪನಿಗೆ ಉರಿದುಹೋಯಿತು.

"ನಮ್ಮ ಎರೆಗಿಂತ ಗಟ್ಟಿ ನೆಲ ಎಲ್ಲೈತೋ? ಇಂಥಾ ಮಣ್ಣಿಗೆ ಪಾಯ ಯಾತಕ್ಕೆ?" ಎಂದ. ಮೊಣಕಾಲುದ್ದ ತೋಡಿ ಕಟ್ಟಿಸಿದ. ನೆರಳಿಗೆಂದು ತನ್ನ ಕಡೆ ಒಂದು ಬೇವಿನ ಸಸಿಯನ್ನೂ ನೆಟ್ಟ.

ಮರುದಿನದಿಂದ ಅಪ್ಪನಿಗೆ ನೀರಿನ ಸೇವೆ ಶುರು. ದನ ಕುಡಿಯುವ ತೊಟ್ಟಿಯಿಂದ ದಿನಾ ಒಂದು ಕೊಡ ನೀರು ಹೊತ್ತು ತಂದು ಗದ್ದುಗೆಯ ಬುಡಕ್ಕೆ ಸುರಿಯುತ್ತಿದ್ದ. ಶಪಥವಿತ್ತಲ್ಲ, ಬದು ದಾಟುವಂತಿಲ್ಲ. ಹಾಗಾಗಿ ನೀರೆಲ್ಲ ತನ್ನ ಕಡೆಗೇ. ಆಚೆ ಬದಿಯಲ್ಲಿ, ಕೊಯ್ಲಾದ ಮೇಲೆ ನೀರು ಕಟ್ಟದೆ ಬಿಟ್ಟ ರೇವಣ್ಣನ ಮೆಕ್ಕೆಜೋಳದ ಕೂಳೆ ಒಣಗಿ ನಿಂತಿತ್ತು. ಬೇಸಿಗೆ ಬಂತು. ಆಚೆ ಮಣ್ಣು ಕುಗ್ಗಿತು, ಈಚೆ ಮಣ್ಣು ನೀರು ಕುಡಿದು ಉಬ್ಬಿಯೇ ಇತ್ತು. ಗದ್ದುಗೆ ಸಾವಕಾಶವಾಗಿ, ಮರ್ಯಾದಸ್ಥರು ಗೋಡೆಗೆ ಒರಗುವ ಹಾಗೆ, ರೇವಣ್ಣನ ಕಡೆ ವಾಲಿತು.

ಊರಿಗೆ ಇಷ್ಟು ಸಾಕಾಯಿತು. ಯುಗಾದಿಯ ದಿನ ಗದ್ದುಗೆಗೆ ಮೊದಲ ಕಾಯಿ ಯಾರು ಒಡೆಯಬೇಕು ಎಂದು ಅಣ್ಣತಮ್ಮಂದಿರಲ್ಲಿ ಮಾತಾಗಿತ್ತು. ಹಿರಿಯರು ಬಂದು ನೋಡಿದರು, ಗಲ್ಲ ಕೆರೆದುಕೊಂಡರು. ಒಬ್ಬರು ಬಗ್ಗಿ ಒಂದು ಕಣ್ಣು ಮುಚ್ಚಿಯೂ ನೋಡಿದರು. "ಅಪ್ಪ ಯಾರ ಕಡೆ ಒರಗ್ಯಾನೋ ಅವ್ರೇ ಒಡೀಲಿ. ಹಿರೇರ ಮನಸ್ಸು ಮುರಿಯಾಕೆ ನಾವ್ಯಾರು?" ಎಂದು ತೀರ್ಪು ಕೊಟ್ಟರು. ನ್ಯಾಮತಿ ತಾಲ್ಲೂಕಾದ ಮೇಲೆ ಎಲ್ಲದಕ್ಕೂ ಒಬ್ಬೊಬ್ಬ ಅಧಿಕಾರಿ ಬಂದಿದ್ದಾನೆ. ಸತ್ತವರು ಯಾವ ಕಡೆ ಒಲಿದರು ಎಂದು ಹೇಳುವ ಇಲಾಖೆ ಮಾತ್ರ ಇನ್ನೂ ನಮ್ಮೂರ ಕಟ್ಟೆಯ ಮೇಲೆಯೇ ಇದೆ.

ರೇವಣ್ಣ ಕಾಯಿ ಒಡೆದ. ಕಲ್ಲೇಶಪ್ಪ ಬದುವಿನ ಈಚೆ ನಿಂತು ನೋಡಿದ. ಅವತ್ತು ಅವನ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಆದರೆ ಅವನು ಕಂಡುಕೊಂಡ ಪರಿಹಾರ ಕೇಳಿ ಸಂಕಟವೆಲ್ಲ ಹೋಯಿತು: ಸೇವೆ ಸಾಲದಾಗಿದೆ! ಮರುವರ್ಷ ಎರಡು ಕೊಡ ಸುರಿದ. ಗದ್ದುಗೆ ಮತ್ತಷ್ಟು ವಾಲಿತು. ಅದರ ಮುಂದಿನ ವರ್ಷ ಟ್ಯಾಂಕರಿನಿಂದ ಪೈಪು ಎಳೆದು ಬಿಟ್ಟ. ಗದ್ದುಗೆಯ ಮೇಲಿನ ಲಿಂಗ ತಮ್ಮನ ಕೂಳೆಯನ್ನು ಬಗ್ಗಿ ಎಣಿಸುವಂತಾಯಿತು. ರೇವಣ್ಣ ಏನೂ ಮಾಡದೆ ಮೂರು ಯುಗಾದಿ ಮೊದಲ ಕಾಯಿ ಒಡೆದ. ಮಳೆಗಾಲದಲ್ಲಿ ಎರಡೂ ಕಡೆ ನೆನೆದು ಗದ್ದುಗೆ ಸ್ವಲ್ಪ ನೆಟ್ಟಗಾದರೆ, "ಶ್ರಾವಣದಾಗೆ ಮುದುಕಪ್ಪ ಸಿಟ್ಟು ಬಿಡ್ತಾನೆ ನೋಡ್ರಿ" ಎಂದು ಜನ ಅದಕ್ಕೂ ಅರ್ಥ ಹಚ್ಚಿದರು.

ಮೂರನೆಯ ಯುಗಾದಿಯ ಸಂಜೆ ಹೇಮಾವತಿ ನನಗೆ ಫೋನು ಮಾಡಿದಳು. "ಅಣ್ಣಾ, ನೀವಾದ್ರೂ ಬಂದು ಹೇಳ್ರಿ. ಊಟ ಬಿಟ್ಟು ಕುಂತಾರೆ. ಅಪ್ಪ ನನ್ನನ್ನ ಮಗ ಅನ್ನಲ್ಲ ಅಂತ ಒಂದೇ ಹಟ."

ಹೋದೆ. ಮಣ್ಣಿನ ಗುಣವೆಲ್ಲ ಬಿಡಿಸಿ ಹೇಳಿದೆ. ಎರಡು ಬಟ್ಟಲು ಎರೆ ತರಿಸಿ, ಒಂದಕ್ಕೆ ನೀರು ಹಾಕಿ, ಅದು ಅಂಚು ಮೀರಿ ಉಬ್ಬಿದ್ದನ್ನೂ ತೋರಿಸಿದೆ. "ನೀನು ಸುರಿಯೋ ನೀರೇ ಮಾವನ್ನ ಆಚೆ ತಳ್ತಾ ಐತೆ. ಒಂದು ಬೇಸಿಗೆ ನೀರು ನಿಲ್ಸು, ನೆಟ್ಟಗೆ ನಿಲ್ತದೆ. ನಾನು ಗ್ಯಾರಂಟಿ."

ಅವನು ಬಟ್ಟಲಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. "ಇನ್ನೂ ಒಂದ್ಸಲ ಹಾಕು ಭಾವ" ಎಂದ. ಮತ್ತೆ ಹಾಕಿದೆ. ಮತ್ತೆ ಉಬ್ಬಿತು. ನನ್ನ ನೌಕರಿಯ ಇಷ್ಟು ವರ್ಷಗಳಲ್ಲಿ ಒಬ್ಬ ರೈತ ನನ್ನ ಮಾತು ನಂಬಿದ್ದು ಅದೇ ಮೊದಲು, ನಿವೃತ್ತಿಯಾದ ಮೇಲೆ.

ಮಳೆಗಾಲ ಕಳೆದ ಮೇಲೆ ಅವನು ನೀರು ಹಾಕಲಿಲ್ಲ. ಚಳಿ ಮುಗಿದು ಬಿಸಿಲೇರಿದಾಗ ಗದ್ದುಗೆ ನೆಟ್ಟಗಾಯಿತು. ಅಲ್ಲಿಗೇ ನಿಂತಿದ್ದರೆ ನನ್ನ ಗ್ಯಾರಂಟಿಯೂ ನಿಲ್ಲುತ್ತಿತ್ತು. ಆದರೆ ಅವನು ನೆಟ್ಟ ಬೇವು ಇಷ್ಟು ವರ್ಷ ಪುಕ್ಕಟೆ ನೀರು ಕುಡಿದು ಮರವಾಗಿತ್ತು. ಅದು ಈಗ ಬೇರು ಚಾಚಿ, ಗದ್ದುಗೆಯ ಈಚೆ ಬದಿಯ ತೇವವನ್ನೆಲ್ಲ ಹೀರಿತು. ಈಚೆ ನೆಲ ಆಚೆಗಿಂತ ಹೆಚ್ಚು ಕುಗ್ಗಿತು, ಬಾಯಿ ಬಿಟ್ಟಿತು. ಯುಗಾದಿಯ ಹೊತ್ತಿಗೆ ಮರುಳಪ್ಪ ಮಾವ ಹಿರಿಯ ಮಗನ ಕಡೆ ಚೆನ್ನಾಗಿಯೇ ವಾಲಿದ್ದ.

ಹಿರಿಯರು ಬಂದು ಮತ್ತೆ ಗಲ್ಲ ಕೆರೆದುಕೊಂಡು, ಅಷ್ಟೇ ನಿರಾಳವಾಗಿ ತೀರ್ಪು ತಿರುಗಿಸಿದರು. ರೇವಣ್ಣ ಹಿಂದೆ ಸರಿದ. ಕಲ್ಲೇಶಪ್ಪ ಮೊದಲ ಕಾಯಿ ಒಡೆದ. ಊರವರು ಬೆನ್ನು ತಟ್ಟಿದರು.

ವಾರ ಬಿಟ್ಟು ನಾನು ಹೊಲಕ್ಕೆ ಹೋದೆ. ಗೆದ್ದವನ ಮುಖ ನೋಡುವ ಆಸೆ, ಗೆಲ್ಲಿಸಿದವನೆಂದು ಒಂದು ಲೋಟ ಕಾಫಿ ಕುಡಿಯುವ ಆಸೆ. ನೆತ್ತಿ ಸುಡುವ ಬಿಸಿಲು. ಕಲ್ಲೇಶಪ್ಪ ಹೆಗಲ ಮೇಲೆ ತುಂಬಿದ ಕೊಡ ಹೊತ್ತು ಗದ್ದುಗೆಯ ಕಡೆ ನಡೆದಿದ್ದ.

"ಏಯ್! ಏನ್ ಮಾಡ್ತಿದೀಯೋ? ಅಷ್ಟೆಲ್ಲ ಹೇಳಿದ್ದು ಮರೆತುಹೋಯ್ತಾ?" ಎಂದು ಕೂಗಿದೆ.

"ಮರೆತಿಲ್ಲ ಭಾವ. ನೀನು ಹೇಳಿದ್ದೆಲ್ಲ ಖರೇ ಐತೆ. ನೀರು ಹಾಕಿದ್ರೆ ಅಪ್ಪ ಆಕಡೆ ಹೋಗ್ತಾನೆ, ಬಿಟ್ರೆ ಈಕಡೆ ಬರ್ತಾನೆ."

"ಗೊತ್ತಿದ್ದೂ ಹಾಕ್ತೀಯಾ? ಬರೋ ವರ್ಷ ಮತ್ತೆ ರೇವಣ್ಣ ಕಾಯಿ ಒಡೀತಾನೆ!"

"ಒಡೀಲಿ." ಕೊಡ ಇಳಿಸಿ, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. "ಕಾಯಿ ಒಡೆದಾಗ ಎಲ್ರೂ ಅಪ್ಪ ಒಲಿದ ಅಂದ್ರು. ನಂಗೊಬ್ಬನಿಗೆ ಗೊತ್ತಿತ್ತು, ಬೇವಿನ ಬೇರು ಅಂತ. ಏನೂ ಅನ್ನಿಸ್ಲಿಲ್ಲ ಭಾವ. ಇಷ್ಟು ದಿನ ನೀರು ಹಾಕಿಲ್ಲ ಅನ್ನೋದು ಮಾತ್ರ ಅನ್ನಿಸ್ತು."

ನನಗೆ ಸಿಟ್ಟು ಬಂತು. ವಿಜ್ಞಾನವನ್ನು ನಂಬದವನ ಮೇಲೆ ಸಿಟ್ಟು ಮಾಡಿ ನನಗೆ ರೂಢಿ. ಪೂರ್ತಿ ನಂಬಿ, ಆಮೇಲೂ ಕೊಡ ಹೊರುವವನು ನನಗೆ ಸಿಕ್ಕಿದ್ದು ಇವನೇ ಮೊದಲು. "ಹಂಗಾದ್ರೆ ನಿಂಗೇನು ಬೇಕಿತ್ತೋ?" ಎಂದು ಗದರಿದೆ.

"ನನ್ನ ಕಡೆ ವಾಲಲಿ ಅಂತ ಕೇಳಿದ್ದು ನಾನು. ಅಪ್ಪ ಹೋಗೋವಾಗ ಕೇಳಿದ್ದು ನೀರು" ಎಂದ.

ಕೊಡ ಎತ್ತಿ ಗದ್ದುಗೆಯ ಬುಡಕ್ಕೆ ಬಗ್ಗಿಸಿದ. ಗುಳುಗುಳು ಸದ್ದು ಮಾಡುತ್ತ ನೀರು ಬಿರುಕಿನೊಳಗೆ ಇಳಿದುಹೋಯಿತು. ಖಾಲಿ ಕೊಡ ಹಿಡಿದು ಅವನು ಮತ್ತೆ ತೊಟ್ಟಿಯ ಕಡೆ ಹೊರಟ.